ಕಾವಲುಗಣ್ಣನ್ನೇ ಕಾಯುವ ಕಳ್ಳರು: ಆನ್‌ಲೈನ್ ಆಟದಂಗಳದ ವಂಚನೆಗೆ ಮದ್ದೆಲ್ಲಿ?

2020ರ ಸೆಪ್ಟೆಂಬರ್ 28ರಂದು ಕ್ರೀಡಾಲೋಕದಲ್ಲಿ ಅಪರೂಪವೆನ್ನಬಹುದಾದ ಒಂದು ಶಿಸ್ತುಕ್ರಮ ಪ್ರಕಟವಾಯಿತು. ಕಂಪ್ಯೂಟರ್ ಆಟಗಳ ವೃತ್ತಿಪರ ಪಂದ್ಯಾವಳಿಗಳಲ್ಲಿ ಪ್ರಾಮಾಣಿಕತೆ ಕಾಯುವ ಹೊಣೆ ಹೊತ್ತಿರುವ ‘ಇ-ಸ್ಪೋರ್ಟ್ಸ್ ಇಂಟೆಗ್ರಿಟಿ ಕಮಿಷನ್’ ಎಂಬ ಆಯೋಗವು ‘ಕೌಂಟರ್-ಸ್ಟ್ರೈಕ್’ ಆಟದ 37 ಮಂದಿ ತರಬೇತುದಾರರ ಮೇಲೆ ಒಮ್ಮೆಗೇ ನಿಷೇಧ ಹೇರಿತು. ಅವರು ಉದ್ದೀಪನ ಮದ್ದು ಸೇವಿಸಿರಲಿಲ್ಲ. ಹಣ ಪಡೆದು ಪಂದ್ಯ ಬಿಟ್ಟುಕೊಟ್ಟಿದ್ದರೆಂಬುದೂ ಆರೋಪವಾಗಿರಲಿಲ್ಲ. ಆಟದ ತಂತ್ರಾಂಶದಲ್ಲಿದ್ದ ದೋಷವೊಂದರಿಂದಾಗಿ ನೋಡಬಾರದ ನೋಟ ಅವರ ಪರದೆಯ ಮೇಲೆ ತೆರೆದುಕೊಂಡಿತ್ತು. ಅದನ್ನು ಅವರು ಅಧಿಕಾರಿಗಳ ಗಮನಕ್ಕೆ ತರುವ ಬದಲು ಸುಮ್ಮನಿದ್ದರು ಎಂಬುದೇ ಅಪರಾಧ.

ಪ್ರಕರಣ ಹಳೆಯದಾದರೂ ಅದು ಎತ್ತಿದ ಪ್ರಶ್ನೆಗೆ ವಯಸ್ಸಾಗಿಲ್ಲ. ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ತಂದು, ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಕ್ರೀಡೆಯ ಮಾನ್ಯತೆ ನೀಡಿದ ಮೇಲಂತೂ ಆ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬಂದು ನಿಂತಿದೆ. ಮೈದಾನವೇ ಇಲ್ಲದ, ಆಟಗಾರರೆಲ್ಲ ತಂತಮ್ಮ ಕೋಣೆಗಳಲ್ಲಿ ಕುಳಿತು ಆಡುವ ಕ್ರೀಡೆಯಲ್ಲಿ ವಂಚನೆಯನ್ನು ಹಿಡಿಯುವವರು ಯಾರು? ಹಿಡಿಯುವುದಾದರೂ ಹೇಗೆ?

ನೋಟವೇ ಬಂಡವಾಳ

ಈ ಆಟಗಳ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. 1999ರಲ್ಲಿ ‘ಹಾಫ್-ಲೈಫ್’ ಎಂಬ ಆಟದ ಮಾರ್ಪಾಡಾಗಿ ಹುಟ್ಟಿಕೊಂಡ ಕೌಂಟರ್-ಸ್ಟ್ರೈಕ್‌ನಲ್ಲಿ ಐವರ ಎರಡು ತಂಡಗಳು ಪರಸ್ಪರ ಗುಂಡು ಹಾರಿಸುತ್ತವೆ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ಅದನ್ನು ತಡೆಯಬೇಕು. ಹೊರಗಿನವರಿಗೆ ಇದು ಬರಿಯ ಕೈಚಳಕದ ಆಟವಾಗಿ ಕಾಣುತ್ತದೆ. ಆದರೆ ಆಡುವವರಿಗೆ ಗೊತ್ತು, ಇದು ಮೂಲತಃ ಮಾಹಿತಿಯ ಆಟ. ಎದುರಾಳಿ ಯಾವ ಗೋಡೆಯ ಹಿಂದಿದ್ದಾನೆ, ಯಾವ ದಾರಿಯಲ್ಲಿ ಬರುತ್ತಿದ್ದಾನೆ ಎಂಬುದು ತಿಳಿದವನ ಎದುರು ಎಂಥ ಗುರಿಕಾರನ ಆಟವೂ ನಡೆಯದು.

ವಂಚನೆಯ ಬೇರು ಇರುವುದು ಆಟದ ರಚನೆಯಲ್ಲೇ. ಆಟದ ಲೆಕ್ಕಾಚಾರವೆಲ್ಲ ದೂರದ ಸರ್ವರ್‌ನಲ್ಲಿ ನಡೆದರೂ ಚಿತ್ರ ಮೂಡಬೇಕಾದದ್ದು ಆಟಗಾರನ ಕಂಪ್ಯೂಟರಿನಲ್ಲಿ. ಎದುರಾಳಿ ಮೂಲೆಯಿಂದ ಹೊರಬಂದ ಕ್ಷಣದಲ್ಲೇ ತಡವಿಲ್ಲದೆ ಕಾಣಿಸಿಕೊಳ್ಳಬೇಕಾದರೆ ಅವನಿರುವ ಜಾಗದ ಮಾಹಿತಿ ಸ್ವಲ್ಪ ಮುಂಚಿತವಾಗಿಯೇ ಆ ಕಂಪ್ಯೂಟರಿಗೆ ತಲುಪಿರಬೇಕು. ಅಂದರೆ ಆಟಗಾರನಿಗೆ ಕಾಣದ್ದು ಅವನ ಯಂತ್ರಕ್ಕೆ ತಿಳಿದಿರುತ್ತದೆ. ಯಂತ್ರದ ಸ್ಮರಣೆಯಿಂದ ಆ ಮಾಹಿತಿಯನ್ನು ಕದ್ದು, ಗೋಡೆಯ ಹಿಂದಿನ ಎದುರಾಳಿಯನ್ನು ಪರದೆಯ ಮೇಲೆ ಬಣ್ಣದ ಆಕೃತಿಯಾಗಿ ತೋರಿಸುವ ತಂತ್ರಾಂಶವೇ ‘ವಾಲ್‌ಹ್ಯಾಕ್’. ಗುರಿಯನ್ನೇ ತಾನಾಗಿ ತಿರುಗಿಸಿ ಕೊಡುವುದು ‘ಏಮ್‌ಬಾಟ್’. ಎರಡನೆಯದು ಒರಟು ಕಳ್ಳತನ, ನೋಡುಗನಿಗೆ ಬೇಗ ಸಿಕ್ಕಿಬೀಳುತ್ತದೆ. ಮೊದಲನೆಯದು ಹಾಗಲ್ಲ. ‘ಅಲ್ಲಿರಬಹುದೆಂದು ಊಹಿಸಿದೆ’ ಎಂಬ ಸಮರ್ಥನೆ ಸದಾ ಕೈಯಳತೆಯಲ್ಲಿರುತ್ತದೆ.

ಕಾಣಬಾರದ ಎದುರಾಳಿಯ ಮಾಹಿತಿಯನ್ನು ಕಳುಹಿಸದೇ ಇರುವುದು ಇದಕ್ಕೆ ಬುದ್ಧಿವಂತ ಪರಿಹಾರ. ರಾಯಟ್ ಗೇಮ್ಸ್ ಸಂಸ್ಥೆಯು 2020ರಲ್ಲಿ ಬಿಡುಗಡೆ ಮಾಡಿದ ‘ವ್ಯಾಲೊರಂಟ್’ ಆಟದಲ್ಲಿ ಇಂಥ ವ್ಯವಸ್ಥೆಯನ್ನು ಮೊದಲಿಂದಲೇ ಅಳವಡಿಸಿತು. ಆದರೂ ಎದುರಾಳಿ ಕಾಣುವುದಕ್ಕೆ ತುಸು ಮುಂಚೆಯಾದರೂ ಮಾಹಿತಿ ಬಿಟ್ಟುಕೊಡಲೇಬೇಕು. ಆ ಅರೆಗಳಿಗೆಯೇ ಕಳ್ಳನ ಪಾಲಿನ ಕಿಂಡಿ.

ಪ್ರೇಕ್ಷಕ ಬಂದ, ಕಳ್ಳ ಸಾಧುವಾದ

ಯಾವುದೇ ಆಟದಲ್ಲಿ ವಂಚನೆಗೆ ಮೊದಲ ತಡೆ ನೋಡುಗರ ಕಣ್ಣು. ಈ ಆಟಗಳಲ್ಲೂ ಆ ಅವಕಾಶವಿದೆ. ಗುಂಡೇಟು ತಿಂದು ಆ ಸುತ್ತಿನಿಂದ ಹೊರಬಿದ್ದ ಆಟಗಾರ ಉಳಿದವರ ಆಟವನ್ನು ಅವರದೇ ಕಣ್ಣಿನಿಂದೆಂಬಂತೆ ನೋಡಬಲ್ಲ. ಸರ್ವರ್‌ನ ಮೇಲ್ವಿಚಾರಕನೂ ಅನುಮಾನ ಬಂದವನ ಹಿಂದೆ ಪ್ರೇಕ್ಷಕನಾಗಿ ನಿಲ್ಲಬಲ್ಲ. ಗೋಡೆಯ ಹಿಂದಿನ ಎದುರಾಳಿಯ ಮೇಲೇ ಬಂದೂಕಿನ ಗುರಿ ಅಂಟಿಕೊಂಡು ಚಲಿಸುತ್ತಿದ್ದರೆ ಅನುಭವಿ ಕಣ್ಣಿಗೆ ಅದು ಬೇಗ ತಿಳಿಯುತ್ತದೆ. ಸಾವಿರಾರು ಸರ್ವರ್‌ಗಳನ್ನು ಹವ್ಯಾಸಿಗಳೇ ನಡೆಸುತ್ತಿದ್ದ ದಿನಗಳಲ್ಲಿ ಬಹುಪಾಲು ಕಳ್ಳರು ಸಿಕ್ಕಿಬೀಳುತ್ತಿದ್ದುದು ಹೀಗೆಯೇ.

ಕಳ್ಳತಂತ್ರಾಂಶ ಮಾರುವವರು ಇದಕ್ಕೂ ಉತ್ತರ ಹುಡುಕಿದರು. ಹಲವು ಆಟಗಳಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆಂಬ ವಿವರವೂ ಎಲ್ಲ ಆಟಗಾರರ ಕಂಪ್ಯೂಟರಿಗೆ ಹೋಗುತ್ತದೆ. ಅದನ್ನು ಓದಿ, ‘ಈಗ ನಿನ್ನನ್ನು ಇಂಥವರು ನೋಡುತ್ತಿದ್ದಾರೆ’ ಎಂದು ಪರದೆಯ ಮೂಲೆಯಲ್ಲಿ ಎಚ್ಚರಿಸುವ ಪ್ರೇಕ್ಷಕರ ಪಟ್ಟಿ ಇಂಥ ತಂತ್ರಾಂಶಗಳ ಸಾಮಾನ್ಯ ಅಂಗವಾಯಿತು. ಪ್ರೇಕ್ಷಕ ಬಂದೊಡನೆ ವಂಚಕ ತನ್ನ ಸಾಧನವನ್ನು ಬಂದ್ ಮಾಡಿ ಸಾಧುವಿನಂತೆ ಆಡುತ್ತಾನೆ. ಅವನು ಹೋದೊಡನೆ ಮತ್ತೆ ಕೈಚಳಕ ಶುರು. ಕೆಲವು ತಂತ್ರಾಂಶಗಳು ಈ ಅದಲುಬದಲನ್ನು ತಾವಾಗಿಯೇ ಮಾಡುತ್ತವೆ. ಪೊಲೀಸ್ ಜೀಪು ಬರುವುದನ್ನು ಕಂಡು ಸಿಳ್ಳೆ ಹಾಕಲು ಬೀದಿಯ ತುದಿಯಲ್ಲಿ ಹುಡುಗನನ್ನು ನಿಲ್ಲಿಸಿದಂತೆ ಇದು.

ಇದರ ವಿಪರ್ಯಾಸವನ್ನೂ ಗಮನಿಸಬೇಕು. ‘ಫೋರ್ಟ್‌ನೈಟ್’, ‘ಏಪೆಕ್ಸ್ ಲೆಜೆಂಡ್ಸ್’ನಂಥ ಆಟಗಳು ‘ನಿಮ್ಮನ್ನು ಇಷ್ಟು ಮಂದಿ ನೋಡುತ್ತಿದ್ದಾರೆ’ ಎಂದು ಕಣ್ಣಿನ ಚಿಹ್ನೆಯೊಂದಿಗೆ ತಾವೇ ತೋರಿಸುತ್ತವೆ. ಪ್ರಾಮಾಣಿಕ ಆಟಗಾರನಿಗೆ ಅದು ಹುರುಪು ತುಂಬುವ ಸಂಗತಿ. ಕಳ್ಳನಿಗಾದರೋ ಪುಕ್ಕಟೆ ಎಚ್ಚರಿಕೆಯ ಗಂಟೆ.

ಕಡತ ನುಡಿದ ಸಾಕ್ಷ್ಯ

ನೇರ ಕಾವಲಿನ ಈ ಸೋಲಿನಿಂದಲೇ ಇನ್ನೊಂದು ದಾರಿ ತೆರೆದುಕೊಂಡಿತು. ಆಡುವಾಗ ನೋಡುವುದರ ಬದಲು ಆಡಿದ ಮೇಲೆ ನೋಡುವುದು. ಪಂದ್ಯದ ಪ್ರತಿ ಚಲನೆಯನ್ನೂ ದಾಖಲಿಸಿಡುವ ‘ಡೆಮೊ’ ಎಂಬ ಕಡತಗಳು ಈ ಆಟಗಳಲ್ಲಿ ಹಿಂದಿನಿಂದಲೂ ಇವೆ. ಯಾರು ಯಾವಾಗ ಆ ಕಡತವನ್ನು ತೆರೆದು ನೋಡುತ್ತಾರೆಂಬುದು ಯಾವ ಕಳ್ಳತಂತ್ರಾಂಶಕ್ಕೂ ತಿಳಿಯದು. ಇನ್ನೂ ಬಂದಿಲ್ಲದ ಪ್ರೇಕ್ಷಕನನ್ನು ಪತ್ತೆ ಹಚ್ಚುವುದಾದರೂ ಹೇಗೆ?

ಕೌಂಟರ್-ಸ್ಟ್ರೈಕ್‌ನ ಒಡೆತನ ಹೊಂದಿರುವ ವಾಲ್ವ್ ಸಂಸ್ಥೆಯು 2013ರಲ್ಲಿ ಜಾರಿಗೆ ತಂದ ‘ಓವರ್‌ವಾಚ್’ ವ್ಯವಸ್ಥೆ ನಿಂತಿದ್ದು ಇದೇ ತತ್ವದ ಮೇಲೆ. ಅನುಭವಿ ಆಟಗಾರರನ್ನೇ ಪಂಚರನ್ನಾಗಿ ಆರಿಸಿ, ದೂರು ಬಂದ ಆಟಗಾರನ ಎಂಟು ಸುತ್ತುಗಳ ದಾಖಲೆಯನ್ನು ಅವರ ಮುಂದಿಡಲಾಗುತ್ತಿತ್ತು. ಹೆಸರುಗಳನ್ನು ಮರೆಮಾಡಿ ಆರೋಪಿಯನ್ನು ‘ಶಂಕಿತ’ನೆಂದಷ್ಟೇ ಕರೆಯಲಾಗುತ್ತಿತ್ತು. ಗುರಿಗೆ ಹೊರಗಿನ ನೆರವು ಪಡೆದಿದ್ದಾನೆಯೇ, ನೋಟಕ್ಕೆ ಪಡೆದಿದ್ದಾನೆಯೇ ಎಂಬ ಪ್ರಶ್ನೆಗಳಿಗೆ ಪ್ರತ್ಯೇಕವಾಗಿ ‘ಸಂಶಯಾತೀತವಾಗಿ ಸ್ಪಷ್ಟ’ ಅಥವಾ ‘ಸಾಕ್ಷ್ಯ ಸಾಲದು’ ಎಂದು ಉತ್ತರಿಸಬೇಕಿತ್ತು. ಪಂಚರ ತೀರ್ಪುಗಳ ನಿಖರತೆಯನ್ನೂ ವ್ಯವಸ್ಥೆ ಅಳೆಯುತ್ತಿತ್ತು. ಒಂದು ವಾಣಿಜ್ಯ ಆಟದಲ್ಲಿ ನ್ಯಾಯಶಾಸ್ತ್ರದ ಮೂಲ ಪಾಠಗಳು ಇಷ್ಟರಮಟ್ಟಿಗೆ ಪಾಲನೆಯಾದದ್ದು ಸಣ್ಣ ಸಂಗತಿಯಲ್ಲ.

ಪಂಚರ ಆ ತೀರ್ಪುಗಳೇ ಮುಂದೆ ಯಂತ್ರಕ್ಕೆ ಪಾಠವಾದವು. ವಾಲ್ವ್‌ನ ಎಂಜಿನಿಯರ್ ಜಾನ್ ಮೆಕ್‌ಡೊನಾಲ್ಡ್ 2018ರಲ್ಲಿ ಆಟ ತಯಾರಕರ ಸಮ್ಮೇಳನದಲ್ಲಿ ವಿವರಿಸಿದಂತೆ, ಗುಂಡು ಹಾರುವ ಮುನ್ನಿನ ಅರ್ಧ ಸೆಕೆಂಡ್ ಹಾಗೂ ಅನಂತರದ ಕಾಲು ಸೆಕೆಂಡಿನಲ್ಲಿ ಗುರಿ ಹೇಗೆ ತಿರುಗಿತು ಎಂಬುದನ್ನು ‘ವ್ಯಾಕ್‌ನೆಟ್’ ಎಂಬ ಕಲಿಯುವ ತಂತ್ರಾಂಶ ಅಭ್ಯಸಿಸುತ್ತದೆ. ಆಟಗಾರರ ದೂರಿನಿಂದ ಪಂಚರ ಮುಂದೆ ಬಂದ ಪ್ರಕರಣಗಳಲ್ಲಿ ಶೇ. 15ರಿಂದ 30ರಷ್ಟು ಮಾತ್ರ ಶಿಕ್ಷೆಯಲ್ಲಿ ಕೊನೆಗೊಂಡರೆ, ಈ ತಂತ್ರಾಂಶ ಆರಿಸಿ ಕಳುಹಿಸಿದವುಗಳಲ್ಲಿ ಶೇ. 80ರಿಂದ 95ರಷ್ಟು ಆರೋಪ ಸಾಬೀತಾದವು. ಸೋತ ಸಿಟ್ಟಿನಲ್ಲಿ ಕೊಡುವ ದೂರಿಗೂ ನಿಜವಾದ ಸಂಶಯಕ್ಕೂ ಇರುವ ಅಂತರವನ್ನು ಈ ಅಂಕಿಗಳು ಚೆನ್ನಾಗಿ ಹೇಳುತ್ತವೆ. ಆದರೆ ಯಂತ್ರ ಕೊಟ್ಟದ್ದು ದೂರು ಮಾತ್ರ, ತೀರ್ಪು ಮನುಷ್ಯರದೇ ಆಗಿತ್ತು ಎಂಬುದನ್ನು ಮರೆಯಬಾರದು.

ನೋಡುವವನೇ ಕದ್ದರೆ

ಈಗ ಮತ್ತೆ ತರಬೇತುದಾರರ ಪ್ರಕರಣಕ್ಕೆ ಬರೋಣ. ಪಂದ್ಯದ ವೇಳೆ ತರಬೇತುದಾರನಿಗೆ ಸರ್ವರ್‌ನಲ್ಲಿ ಪ್ರೇಕ್ಷಕನ ಸ್ಥಾನವಿರುತ್ತದೆ. ಆದರೆ ಆತ ತನ್ನ ತಂಡದವರ ಕಣ್ಣಿನಿಂದ ಮಾತ್ರ ನೋಡಬಹುದು. ತಂತ್ರಾಂಶದ ದೋಷದಿಂದಾಗಿ ಕೆಲವೊಮ್ಮೆ ಆತನ ನೋಟ ನಕಾಶೆಯ ಯಾವುದೋ ಒಂದು ಬಿಂದುವಿನಲ್ಲಿ ಸಿಕ್ಕಿಕೊಂಡು, ಸುತ್ತಲೂ ತಿರುಗಿ ನೋಡುವ ಸ್ವಾತಂತ್ರ್ಯ ಸಿಗುತ್ತಿತ್ತು. ಎದುರಾಳಿಗಳು ಆ ದಾರಿಯಲ್ಲಿ ಹಾದರೆ ಆತನಿಗೆ ಕಾಣುತ್ತಿದ್ದರು. ಕೊರೊನಾ ಕಾಲದಲ್ಲಿ ಪಂದ್ಯಾವಳಿಗಳೆಲ್ಲ ಮನೆಗಳಿಂದಲೇ ನಡೆಯುತ್ತಿದ್ದುದರಿಂದ ಆತನ ಬೆನ್ನ ಹಿಂದೆ ನಿಂತು ಪರದೆ ನೋಡುವ ಅಧಿಕಾರಿಯೂ ಇರಲಿಲ್ಲ.

ಈ ಪಂದ್ಯಗಳನ್ನು ನೇರಪ್ರಸಾರದಲ್ಲಿ ಅಸಂಖ್ಯ ಮಂದಿ ನೋಡುತ್ತಿದ್ದರು. ವೀಕ್ಷಕ ವಿವರಣೆಗಾರರಿದ್ದರು, ತೀರ್ಪುಗಾರರಿದ್ದರು. ಯಾರ ಕಣ್ಣಿಗೂ ಇದು ಬೀಳಲಿಲ್ಲ, ಏಕೆಂದರೆ ಎಲ್ಲರೂ ನೋಡುತ್ತಿದ್ದುದು ಆಟಗಾರರನ್ನು. ಪ್ರೇಕ್ಷಕನ ಸ್ಥಾನದಲ್ಲಿ ಕುಳಿತವನನ್ನು ಯಾರೂ ನೋಡುತ್ತಿರಲಿಲ್ಲ. ಕೊನೆಗೆ ಬಯಲಿಗೆಳೆದದ್ದು ಹಳೆಯ ಡೆಮೊ ಕಡತಗಳೇ. ಪಂದ್ಯಾವಳಿ ಅಧಿಕಾರಿಯಾಗಿದ್ದ ಮಿಖಾಲ್ ಸ್ಲೊವಿನ್ಸ್ಕಿ ಈ ದೋಷವನ್ನು ಗುರುತಿಸಿ, ಕಡತಗಳಲ್ಲಿ ತರಬೇತುದಾರನ ನೋಟ ಎಲ್ಲಿತ್ತೆಂಬುದನ್ನು ಹುಡುಕುವ ದಾರಿ ಕಂಡುಕೊಂಡರು. 2020ರ ಆಗಸ್ಟ್ ಕೊನೆಯಲ್ಲಿ ಪಂದ್ಯಾವಳಿ ಸಂಘಟಕ ಸಂಸ್ಥೆ ಇಎಸ್‌ಎಲ್ ಮೊದಲಿಗೆ ಮೂವರನ್ನು ಶಿಕ್ಷಿಸಿತು: ಒಬ್ಬರಿಗೆ 24 ತಿಂಗಳು, ಇನ್ನೊಬ್ಬರಿಗೆ 12, ಮತ್ತೊಬ್ಬರಿಗೆ 6 ತಿಂಗಳ ನಿಷೇಧ. ಬಳಿಕ ಆಯೋಗ ಲಭ್ಯವಿದ್ದ 99,650 ಡೆಮೊಗಳ ಪೈಕಿ ಸುಮಾರು ಶೇ. 20ರಷ್ಟನ್ನು ಪರಿಶೀಲಿಸಿದ ಹಂತದಲ್ಲೇ 37 ಮಂದಿ ಸಿಕ್ಕಿಬಿದ್ದರು. ತಾವಾಗಿ ತಪ್ಪೊಪ್ಪಿಕೊಂಡವರಿಗೆ ಶಿಕ್ಷೆಯಲ್ಲಿ ರಿಯಾಯಿತಿ ದೊರೆಯಿತು.

ಎಲ್ಲರ ತಪ್ಪೂ ಒಂದೇ ತೂಕದ್ದಲ್ಲ ಎಂಬುದನ್ನೂ ಹೇಳಬೇಕು. ಕೆಲವರು ಒಂದೆರಡು ಸುತ್ತು ಆ ಸ್ಥಿತಿಯಲ್ಲಿದ್ದರೆ, ಕೆಲವರು ಪಂದ್ಯಗಟ್ಟಲೆ ಇದ್ದರು. ಕಂಡದ್ದನ್ನು ತಂಡಕ್ಕೆ ಹೇಳಿದರೋ ಇಲ್ಲವೋ ಎಂಬುದನ್ನು ಕಡತ ನುಡಿಯದು. ಅದಕ್ಕೇ ಶಿಕ್ಷೆಯ ಅವಧಿ ಕೆಲವು ತಿಂಗಳಿಂದ ಮೂರು ವರ್ಷದವರೆಗೂ ಹರಡಿತ್ತು. ಮರುವರ್ಷ ವಾಲ್ವ್ ತನ್ನ ಅರ್ಹತಾ ಪಂದ್ಯಗಳಲ್ಲಿ ಪಂದ್ಯ ನಡೆಯುವಾಗ ತರಬೇತುದಾರರು ಸರ್ವರ್‌ನಲ್ಲಿರುವುದನ್ನೇ ನಿರ್ಬಂಧಿಸಿತು.

ಪ್ರೇಕ್ಷಕನ ಕಿಂಡಿಯಿಂದ ಕದಿಯುವ ಪರಿಪಾಠಕ್ಕೆ ಇನ್ನೂ ಸರಳ ರೂಪಗಳಿವೆ. ಸತ್ತ ಆಟಗಾರ ಎದುರಾಳಿಯ ಜಾಗ ನೋಡಿ ಗೆಳೆಯನಿಗೆ ಫೋನಿನಲ್ಲಿ ಹೇಳುವುದು, ಎದುರಾಳಿಯೇ ನಡೆಸುತ್ತಿರುವ ನೇರಪ್ರಸಾರವನ್ನು ಇನ್ನೊಂದು ಪರದೆಯಲ್ಲಿ ತೆರೆದಿಟ್ಟುಕೊಂಡು ಆಡುವುದು ಎಲ್ಲೆಡೆ ಕಾಣಸಿಗುತ್ತವೆ. ದೊಡ್ಡ ಪಂದ್ಯಾವಳಿಗಳ ಪ್ರಸಾರವನ್ನು ಬೇಕೆಂದೇ ತಡವಾಗಿ ಬಿಡುವುದು ಈ ಕಾರಣಕ್ಕೆ. ವೀಕ್ಷಕ ‘ನೇರ’ವೆಂದು ನೋಡುವುದು ಸ್ವಲ್ಪ ಹಿಂದಿನ ಆಟವನ್ನು.

ಮನೆಯೊಳಗೆ ಬಂದ ಕಾವಲುಗಾರ

ಆಟದ ಸಂಸ್ಥೆಗಳು ಇತ್ತೀಚಿನ ವರ್ಷಗಳಲ್ಲಿ ಹಿಡಿದಿರುವ ದಾರಿ ಬೇರೆ. ವ್ಯಾಲೊರಂಟ್ ಜತೆಗೆ ಬಂದ ‘ವ್ಯಾನ್‌ಗಾರ್ಡ್’ ಎಂಬ ಕಾವಲು ತಂತ್ರಾಂಶ ಕಂಪ್ಯೂಟರಿನ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿಗೇ ಇಳಿಯುತ್ತದೆ. ಆಟ ತೆರೆದಾಗಲ್ಲ, ಯಂತ್ರ ಚಾಲೂ ಆದಾಗಿನಿಂದಲೇ ಅದರ ಕೆಲಸ ಆರಂಭ. ಕಳ್ಳರು ಅಷ್ಟು ಆಳಕ್ಕೆ ಇಳಿದಿರುವಾಗ ಕಾವಲುಗಾರನೂ ಇಳಿಯದೆ ವಿಧಿಯಿಲ್ಲ ಎಂಬುದು ಸಂಸ್ಥೆಗಳ ವಾದ. ವಾದದಲ್ಲಿ ಹುರುಳಿಲ್ಲದೆಯೂ ಇಲ್ಲ.

ಆದರೆ ಇದಕ್ಕೆ ತೆರುವ ಬೆಲೆಯನ್ನು ಕೇಳಬೇಡವೇ? ಅದೇ ಕಂಪ್ಯೂಟರಿನಲ್ಲಿ ಮನೆಯವರ ಬ್ಯಾಂಕ್ ವ್ಯವಹಾರ, ಕಚೇರಿ ಕೆಲಸ, ಮಕ್ಕಳ ಪಾಠ ಎಲ್ಲವೂ ಇರುತ್ತವೆ. ಅಷ್ಟು ಆಳದಲ್ಲಿ ಕೂರುವ ತಂತ್ರಾಂಶ ಎಡವಿದರೆ ಏನಾಗುತ್ತದೆಂಬುದನ್ನು 2024ರ ಜುಲೈ 19ರಂದು ಜಗತ್ತೇ ಕಂಡಿತು. ಅಂದು ಎಡವಿದ್ದು ಆಟದ ಕಾವಲುಗಾರನಲ್ಲ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ತಂತ್ರಾಂಶ. ಅದರ ದೋಷಪೂರಿತ ನವೀಕರಣದಿಂದ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ವಿಮಾನ ನಿಲ್ದಾಣಗಳಲ್ಲಿ ಸಾಲು ಬೆಳೆಯಿತು.

ಇಷ್ಟಾಗಿಯೂ ಕಳ್ಳ ಸೋತನೆ? ಅದೂ ಇಲ್ಲ. ಆಟದ ಯಂತ್ರಕ್ಕೆ ಒಂದು ಯಂತ್ರಾಂಶ ಕಾರ್ಡ್ ಸಿಕ್ಕಿಸಿ, ಅದರ ಸ್ಮರಣೆಯನ್ನು ಪಕ್ಕದ ಎರಡನೇ ಕಂಪ್ಯೂಟರಿನಲ್ಲಿ ಓದುವ ಸಾಧನಗಳು ಮಾರುಕಟ್ಟೆಗೆ ಬಂದಿವೆ. ಇದು ಹುಡುಗಾಟಿಕೆಯ ವ್ಯಾಪಾರವಲ್ಲ. 2021ರಲ್ಲಿ ಚೀನಾದ ಪೊಲೀಸರು ಟೆನ್ಸೆಂಟ್ ಸಂಸ್ಥೆಯ ನೆರವಿನಿಂದ ಭೇದಿಸಿದ ಒಂದು ಜಾಲದ ಆದಾಯ ಸುಮಾರು 7.6 ಕೋಟಿ ಡಾಲರ್ ಎಂದು ವರದಿಯಾಗಿತ್ತು. ದಕ್ಷಿಣ ಕೊರಿಯಾದಲ್ಲಂತೂ ಇಂಥ ತಂತ್ರಾಂಶ ತಯಾರಿಸಿ ಹಂಚುವುದಕ್ಕೆ ಐದು ವರ್ಷದವರೆಗೆ ಸೆರೆವಾಸ ವಿಧಿಸಲು ಕಾನೂನಿದೆ.

ಇನ್ನು, ನಿರಪರಾಧಿ ಸಿಕ್ಕಿಬೀಳುವ ಅಪಾಯ. 2023ರ ಅಕ್ಟೋಬರ್‌ನಲ್ಲಿ ಎಎಮ್‌ಡಿ ಸಂಸ್ಥೆಯು ತನ್ನ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಹೊರತಂದ ಹೊಸ ಸೌಲಭ್ಯವೊಂದು ಆಟದ ಕಡತಗಳನ್ನು ತಡವಿದ ಕಾರಣ, ಅದನ್ನು ಬಳಸಿದ ಕೌಂಟರ್-ಸ್ಟ್ರೈಕ್ 2 ಆಟಗಾರರು ವಂಚಕರೆಂದು ನಿಷೇಧಕ್ಕೊಳಗಾದರು. ತಪ್ಪು ಗೊತ್ತಾದ ಮೇಲೆ ಎಎಮ್‌ಡಿ ಆ ಸೌಲಭ್ಯವನ್ನು ಹಿಂಪಡೆಯಿತು, ವಾಲ್ವ್ ನಿಷೇಧ ತೆರವಿಗೆ ಮುಂದಾಯಿತು. ಪ್ರಕರಣ ದೊಡ್ಡದಾಗಿದ್ದರಿಂದ ನ್ಯಾಯ ಸಿಕ್ಕಿತು. ಒಬ್ಬಂಟಿ ಆಟಗಾರನಿಗೆ ಹೀಗಾಗಿದ್ದರೆ ಅವನ ಮಾತು ಕೇಳುವವರಾರು?

ನಮ್ಮಲ್ಲಿ ಆಗಬೇಕಾದದ್ದು

ಭಾರತಕ್ಕೆ ಈ ಕಳಂಕ ಹೊಸದಲ್ಲ. 2018ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ನಡೆದ ಏಷ್ಯಾ ಮಟ್ಟದ ಕೌಂಟರ್-ಸ್ಟ್ರೈಕ್ ಪಂದ್ಯಾವಳಿಯಲ್ಲಿ ‘ಆಪ್ಟಿಕ್ ಇಂಡಿಯಾ’ ತಂಡದ ಆಟಗಾರನೊಬ್ಬ ವಿಯೆಟ್ನಾಂ ತಂಡದ ವಿರುದ್ಧ ಆಡುತ್ತಿದ್ದಾಗ ಸಿಕ್ಕಿಬಿದ್ದ. ಬೆರಳಚ್ಚು ತಂತ್ರಾಂಶದ ಹೆಸರಿನಂತೆ ಕಾಣಲೆಂದು ‘ವರ್ಡ್’ ಎಂಬ ಹೆಸರಿಟ್ಟಿದ್ದ ಗುರಿ ಹಿಡಿಯುವ ತಂತ್ರಾಂಶ ಆತನ ಯಂತ್ರದಲ್ಲಿತ್ತು. ಅಧಿಕಾರಿ ಪರಿಶೀಲನೆಗೆ ಬಂದಾಗ ಅದನ್ನು ಅಳಿಸಲು ಆತ ಮಾಡಿದ ಯತ್ನ ವಿಡಿಯೊದಲ್ಲಿ ದಾಖಲಾಯಿತು. ತಂಡ ಅನರ್ಹಗೊಂಡಿತು, ತಂಡದ ಒಡೆತನದ ಸಂಸ್ಥೆ ಎಲ್ಲ ಆಟಗಾರರನ್ನೂ ಕೈಬಿಟ್ಟಿತು. ತಪ್ಪಿತಸ್ಥನಿಗೆ ಐದು ವರ್ಷ ನಿಷೇಧವಾಯಿತು. ಏನೂ ತಪ್ಪು ಮಾಡದ ಉಳಿದ ನಾಲ್ವರ ದುಡಿಮೆಯೂ ಅದರೊಂದಿಗೆ ಹೋಯಿತು. ಕ್ರೀಡೆಯ ವಂಚನೆಯಲ್ಲಿ ಮೊದಲು ಪೆಟ್ಟು ತಿನ್ನುವುದು ಎದುರಾಳಿಯೇ ಆಗಬೇಕೆಂದಿಲ್ಲ.

ಕಾನೂನು ಇದನ್ನೆಲ್ಲ ನೋಡಿಕೊಳ್ಳುತ್ತದೆ ಎಂದು ನಂಬಿ ಕೂರುವಂತೆಯೂ ಇಲ್ಲ. ಅದಕ್ಕೆ ನಮ್ಮ ರಾಜ್ಯದ್ದೇ ನಿದರ್ಶನವಿದೆ. ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನ ಫಿಕ್ಸಿಂಗ್ ಹಗರಣದಲ್ಲಿ 2019ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನು ಬಂಧಿಸಿದ್ದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಪ್ರಕರಣವನ್ನು ರದ್ದುಪಡಿಸುತ್ತ, ಪಂದ್ಯ ಫಿಕ್ಸಿಂಗ್ ಅಪ್ರಾಮಾಣಿಕತೆಯಾಗಬಹುದು, ಶಿಸ್ತು ಉಲ್ಲಂಘನೆಯಾಗಬಹುದು, ಆದರೆ ಭಾರತೀಯ ದಂಡ ಸಂಹಿತೆಯ 420ನೇ ಸೆಕ್ಷನ್ ಅಡಿ ವಂಚನೆಯಾಗದು, ಕ್ರಮ ಕೈಗೊಳ್ಳಬೇಕಾದದ್ದು ಕ್ರಿಕೆಟ್ ಮಂಡಳಿ ಎಂಬ ನಿಲುವು ತಳೆಯಿತು. ಶತಮಾನದ ಇತಿಹಾಸ, ಶಿಸ್ತುಸಂಹಿತೆ, ಹಣಬಲ ಎಲ್ಲವೂ ಇರುವ ಕ್ರಿಕೆಟ್‌ನ ಪಾಡೇ ಇದಾದರೆ, ಹೇಳಿಕೊಳ್ಳುವಂಥ ಮಂಡಳಿಯೇ ಇಲ್ಲದ ಇ-ಸ್ಪೋರ್ಟ್ಸ್ ಪಾಡೇನು?

2025ರ ಕಾಯ್ದೆಯ ಬಗೆಗಿನ ಚರ್ಚೆಯೆಲ್ಲ ಹಣದಾಟದ ನಿಷೇಧದ ಸುತ್ತಲೇ ನಡೆಯಿತು. ಅದು ಸಹಜವೂ ಹೌದು. ಆದರೆ ಕ್ರೀಡೆಯ ಮಾನ್ಯತೆ ಕೊಟ್ಟ ಮೇಲೆ ಕ್ರೀಡೆಗೆ ಸಲ್ಲುವ ನ್ಯಾಯವ್ಯವಸ್ಥೆಯನ್ನೂ ಕೊಡಬೇಕಾಗುತ್ತದೆ. ಅದಕ್ಕೆ ಭಾರೀ ವೆಚ್ಚವೇನೂ ಬೇಕಿಲ್ಲ. ಮೊದಲನೆಯದಾಗಿ, ಬಹುಮಾನದ ಪ್ರತಿ ಪಂದ್ಯದ ಪೂರ್ಣ ದಾಖಲೆಯನ್ನು, ಆಟಗಾರರದಷ್ಟೇ ಅಲ್ಲ, ತರಬೇತುದಾರರು ಮತ್ತು ಪ್ರೇಕ್ಷಕ ಸ್ಥಾನದಲ್ಲಿದ್ದವರ ನೋಟದ ಸಮೇತ, ವರ್ಷಗಳ ಕಾಲ ಕಾಪಿಡುವುದು ಕಡ್ಡಾಯವಾಗಬೇಕು. ಎರಡನೆಯದಾಗಿ, ದೂರು ವಿಚಾರಿಸುವವರು ಪಂದ್ಯ ಸಂಘಟಿಸುವವರಿಂದಲೂ ಆಟ ಮಾರುವ ಸಂಸ್ಥೆಯಿಂದಲೂ ಬೇರೆಯಾಗಿರಬೇಕು. ಮೂರನೆಯದಾಗಿ, ಯಂತ್ರ ಬೆರಳು ತೋರಿಸಿದ ಮಾತ್ರಕ್ಕೆ ಆಟಗಾರನ ಭವಿಷ್ಯ ಮುಗಿಯದಂತೆ, ಸಾಕ್ಷ್ಯ ಕೇಳುವ, ಮೇಲ್ಮನವಿ ಸಲ್ಲಿಸುವ ಹಕ್ಕಿರಬೇಕು. ಕೊನೆಯದಾಗಿ, ಮನೆಯ ಕಂಪ್ಯೂಟರಿನ ತಿರುಳಿಗಿಳಿಯುವ ಕಾವಲು ತಂತ್ರಾಂಶ ಏನನ್ನು ನೋಡುತ್ತದೆ, ಏನನ್ನು ಕಳುಹಿಸುತ್ತದೆ ಎಂಬುದನ್ನು ಬಳಕೆದಾರರಿಗೆ ಸರಳ ಭಾಷೆಯಲ್ಲಿ ತಿಳಿಸಬೇಕು.

ಕಾವಲು ಹೆಚ್ಚಿಸಿದಷ್ಟೂ ಕಳ್ಳ ಕಾವಲುಗಾರನ ಚಲನವಲನ ಕಲಿಯುತ್ತಾನೆ. ಎರಡು ದಶಕಗಳಿಗೂ ಮಿಕ್ಕಿದ ಈ ಆಟದ ಇತಿಹಾಸ ಕಲಿಸಿರುವ ಪಾಠ ಅದು. ಪ್ರೇಕ್ಷಕನನ್ನು ಕಂಡು ಸಾಧುವಾದ ಆಟಗಾರರನ್ನೂ, ಪ್ರೇಕ್ಷಕನ ಸ್ಥಾನದಲ್ಲೇ ಕುಳಿತು ಕದ್ದ ತರಬೇತುದಾರರನ್ನೂ ಕೊನೆಗೆ ಬಯಲಿಗೆಳೆದದ್ದು ಯಾರೋ ಜೋಪಾನವಾಗಿ ಎತ್ತಿಟ್ಟಿದ್ದ ಹಳೆಯ ಕಡತಗಳು, ಅವನ್ನು ತಾಳ್ಮೆಯಿಂದ ತಿರುವಿ ನೋಡಿದ ಮನುಷ್ಯರು. ಯಂತ್ರದ ಕಣ್ಣಿಗೆ ಹಣ ಸುರಿಯುವ ಮುನ್ನ ನಮ್ಮ ಆಡಳಿತಗಾರರು ಆ ಎರಡಕ್ಕೆ ವ್ಯವಸ್ಥೆ ಮಾಡಲಿ. ಪ್ರಾಮಾಣಿಕವಾಗಿ ಗೆದ್ದ ಹುಡುಗ ಹುಡುಗಿಯರಿಗೆ, ಗೆದ್ದದ್ದು ನಿಜವಾಗಿಯೂ ತಾವೇ ಎಂದು ತೋರಿಸಲು ಒಂದು ಆಧಾರವಾದರೂ ಇರಲಿ.